ಕುಣಿಯಲ್ಲಿ ಕಾಲಿಟ್ಟು ಉಂಡವರು

ಇಳಕಲ್ಲಿನ ನೂಲು-ಸೀರೆ ವ್ಯಾಪಾರಿ ಅಂದಪ್ಪನ ಮನೆಯಲ್ಲಿ ನೇಕಾರರಿಗೆಲ್ಲ ಒಂದು ಊಟ ಹಾಕಿಸಬೇಕೆಂದು ಮಾತಾದದ್ದೇ ತಡ, ಆ ಊಟವನ್ನು ಹೇಗೆ ಹಾಕಿಸಬೇಕು ಎಂಬುದರ ಮೇಲೆ ಜಗಳ ಹತ್ತಿತು.

ಅದು ಎಂಬತ್ಮೂರನೇ ಇಸವಿಯ ಬೇಸಿಗೆ. ಅಂದಪ್ಪನ ಹಿತ್ತಿಲಲ್ಲಿದ್ದ ಮಗ್ಗದ ಮನೆಯಲ್ಲಿ ಆರು ಕುಣಿಮಗ್ಗಗಳಿದ್ದವು. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಕುಣಿ ತೋಡಿ, ಅದರ ಅಂಚಿನ ಮೇಲೆ ನೇಕಾರ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಮಣೆ ತುಳಿಯುತ್ತ ನೇಯುವ ಮಗ್ಗಗಳವು. ಅಂದಪ್ಪನ ಮಗ ಕಾಶಪ್ಪ ಅವನ್ನೆಲ್ಲ ಕಿತ್ತು ಹಾಕಿ, ಕುಣಿ ಮುಚ್ಚಿ, ಮೇಲೆ ಸಿಮೆಂಟು ಹೊಯ್ಯಿಸಿ ಕರೆಂಟಿನ ಮಗ್ಗ ಕೂಡಿಸಲು ಹೊರಟಿದ್ದ. ಯಂತ್ರಗಳ ಪೆಟ್ಟಿಗೆಗಳು ಇಚಲಕರಂಜಿಯಿಂದ ಬಂದು ಪಡಸಾಲೆಯ ತುಂಬ ಬಿದ್ದಿದ್ದವು. ನೇಕಾರರಲ್ಲಿ ಕೆಲವರು ಹೊಸ ಮಗ್ಗಕ್ಕೆ ನಿಲ್ಲುವವರಿದ್ದರು, ಕೆಲವರು ಬೇರೆ ಮನೆ ಹಿಡಿದಿದ್ದರು. ಎಲ್ಲರಿಗಿಂತ ಹಿರಿಯನಾದ ಕಳಕಪ್ಪ ಮಾತ್ರ ನೇಯುವುದನ್ನೇ ಬಿಟ್ಟು ಬಾದಾಮಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದ.

"ಕುಣಿ ಮುಚ್ಚೂಕಿಂತ ಮೊದಲ ಎಲ್ಲಾರ್ಗೂ ಒಂದು ಪಾರ್ಟಿ ಕೊಡೂಣು," ಎಂದ ಕಾಶಪ್ಪ.

ಅವನ ತಾಯಿ ಗುರುಲಿಂಗವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಯಾವ ಪಾರ್ಟಿ? ಸೋಲಾಪುರದ್ದೋ, ಪುಣೇದೋ?"

ಆ ಮನೆಯಲ್ಲಿ ಪಾರ್ಟಿ ಎಂದರೆ ಸೀರೆ ಕೊಳ್ಳಲು ಬರುವ ವ್ಯಾಪಾರಿ. ಪಾರ್ಟಿ ಬಂದರೆ ಗಾದಿ ಕೊಡವಿ ಹಾಸಬೇಕು, ಚಹಕ್ಕಿಡಬೇಕು.

"ಪಾರ್ಟಿ ಅಂದ್ರ ಊಟ, ಯವ್ವಾ."

"ಹಂಗಾರ ಊಟ ಅನ್ನು. ಹೆದರಿಸಬ್ಯಾಡ."

ಕಾಶಪ್ಪ ಬಾಗಲಕೋಟೆಯಲ್ಲಿ ಗೆಳೆಯನ ಮದುವೆಯಲ್ಲಿ ನೋಡಿ ಬಂದದ್ದನ್ನು ಬಣ್ಣಿಸಿದ. ಅದಕ್ಕೆ ಬಫೆ ಅನ್ನುತ್ತಾರೆ. ಉದ್ದಕ್ಕೆ ಟೇಬಲ್ಲು, ಅದರ ಮೇಲೆ ಪಾತ್ರೆಗಳ ಸಾಲು. ಬಂದವರು ತಾಟು ಹಿಡಿದುಕೊಂಡು ಹೋಗಿ, ಬೇಕಾದ್ದನ್ನು ಬೇಕಾದಷ್ಟು ತಾವೇ ಹಾಕಿಕೊಂಡು, ನಿಂತು, ತಿರುಗಾಡಿ, ಮಾತಾಡುತ್ತ ಉಣ್ಣುತ್ತಾರೆ. ನೀಡುವವರ ಗದ್ದಲವಿಲ್ಲ, ಎಲೆ ಎತ್ತುವ ಕಾಟವಿಲ್ಲ.

"ತಾಟ ಹಿಡಕೊಂಡು ಸಾಲಿನ್ಯಾಗ ನಿಂತು ಅನ್ನ ಹಾಕಿಸ್ಕೊಳ್ಳೂದಕ್ಕ ನಮ್ಮ ಕಡೆ ಬ್ಯಾರೆ ಹೆಸರೈತಿ," ಎಂದಳು ಗುರುಲಿಂಗವ್ವ. "ನಾ ಪಂಕ್ತಿ ಹಾಕ್ಸಾಕಿ. ಎಲಿ ಹಾಸಿ, ಕುಂಡ್ರಿಸಿ, ಬಗ್ಗಿ ನೀಡ್ತೇನಿ. ನಿಂತು ಉಣ್ಣಾಕ ಅವರೇನು ಕುದುರಿ ಏನು?"

ಕಂಬಕ್ಕೊರಗಿ ಅಡಿಕೆ ಕತ್ತರಿಸುತ್ತಿದ್ದ ಅಂದಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡು ಅಡಕತ್ತರಿ ಕೆಳಗಿಟ್ಟ.

"ನಿಂತರ ಉಣ್ಣಲಿ, ಕುಂತರ ಉಣ್ಣಲಿ. ಕಳಕಪ್ಪ ಉಣಬೇಕು. ನನಗ ಅಷ್ಟ."

ಗುರುಲಿಂಗವ್ವ ಮೊರ ಪಕ್ಕಕ್ಕಿಟ್ಟಳು.

ಕಳಕಪ್ಪ ಉಣ್ಣುವುದಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮದುವೆಯಿರಲಿ, ತೊಟ್ಟಿಲಿರಲಿ, ಮನೆ ಹೊಕ್ಕಿದ್ದಿರಲಿ, ಕರೆದಲ್ಲಿಗೆ ತಪ್ಪದೆ ಹೋಗುತ್ತಿದ್ದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಕೈ ಮುಗಿದು, "ಇವತ್ತ ನಂದು ಉಪವಾಸ ಐತ್ರಿ" ಎಂದು ತಿರುಗಿ ನಡೆದುಬಿಡುತ್ತಿದ್ದ. ಕಳಕಪ್ಪನ ಉಪವಾಸಕ್ಕೆ ವಾರವಿಲ್ಲ, ತಿಥಿಯಿಲ್ಲ, ಎಲ್ಲಿ ಹೋಳಿಗೆ ಬೇಯುತ್ತದೋ ಅಂದೇ ಉಪವಾಸ ಎಂದು ಹುಡುಗರು ನಗುತ್ತಿದ್ದರು. ಅಂದಪ್ಪನಿಗೆ ಮಾತ್ರ ಅದು ನಗೆಯಾಗಿರಲಿಲ್ಲ.

"ಇಪ್ಪತ್ತು ವರ್ಷ ನನ್ನ ಸೀರಿ ನೇದಾನ. ನನ್ನ ಮನ್ಯಾಗ ಕುಂತು ಒಂದು ತುತ್ತು ಉಂಡಿಲ್ಲ. ಈಗ ಹೊಂಟ. ಇನ್ನ ಯಾವಾಗ ಉಣ್ತಾನ? ನಮ್ಮಪ್ಪ ಹಾದಿಗೆ ಹೋಗಾವ್ರನ್ನ ಕರದು ಉಣ್ಣಿಸಿದಾಂವ. ನಾ ನನ್ನ ಮಗ್ಗದಾಂವಗ ಉಣ್ಣಿಸಲಿಲ್ಲ ಅಂದ್ರ ಬಸವಣ್ಣನ ಹೆಸರ ಹೆಂಗ ತಗೊಳ್ಳಲಿ?" ಅಂದಪ್ಪ ಸುತ್ತ ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದ. "ಸಿದ್ದವ್ವ, ನೀ ಓದಿದಾಕಿ. ಹೆಂಗ ನೀಡಿದ್ರ ಅವ ಉಣ್ತಾನ, ನೀ ಹೇಳು. ನೀ ಹೇಳಿದಂಗ ಆಗಲಿ. ಇವರಿಬ್ಬರೂ ಬಾಯಿ ಮುಚ್ಚಲಿ."

ಸಿದ್ದವ್ವ ಬಾಗಲಕೋಟೆಯಲ್ಲಿ ಬಿ.ಎ. ಓದಿದವಳು, ತರ್ಕಶಾಸ್ತ್ರದಲ್ಲಿ ಹೇಗೋ ಪಾಸಾದವಳು. ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಇಷ್ಟು ದಿನ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಕೇಳಿದ್ದು ಇಂಥ ಪ್ರಶ್ನೆ. ಕಳಕಪ್ಪ ಉಣ್ಣದೆ ಹೋದರೆ ಮಾವನಿಗೆ ಉಳಿದ ಜೀವಮಾನವೆಲ್ಲ ಆ ಕೊರಗು. ಮತ್ತು ಆಗ ತಪ್ಪು ಓದಿದವಳದೇ. ಆದರೆ ಅವಳ ತಲೆಯಲ್ಲಿ ಹೆದರಿಕೆಗಿಂತ ಮೊದಲು ಎದ್ದದ್ದು ಬೇರೊಂದು. ಒಬ್ಬ ಮನುಷ್ಯ ಯಾಕೆ ಉಣ್ಣುವುದಿಲ್ಲ ಎಂದು ತಿಳಿಯದೆ ಅವನಿಗೆ ಹೇಗೆ ನೀಡಬೇಕೆಂದು ತಿಳಿಯುವುದು ಹೇಗೆ? ಇಪ್ಪತ್ತು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲರ ಹತ್ತಿರವೂ ಉತ್ತರಗಳು ಮಾತ್ರ ಇದ್ದವು.

"ಜಾತಿ," ಎಂದಳು ಅತ್ತೆ. "ಅವರು ಮಗ್ಗದ ಮಂದಿ. ನಮ್ಮ ಕೈಯಾಗಿಂದು ಅವರಿಗೆ ನಡಿಯೂದಿಲ್ಲ. ಬಾಯಿಬಿಟ್ಟು ಹೇಳೂದಿಲ್ಲ, ಅಷ್ಟ."

ಸಿದ್ದವ್ವ ಅದನ್ನು ತೂಗಿ ನೋಡಿದಳು. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಯಮನವ್ವ ಕಳಕಪ್ಪನದೇ ಕುಲದವಳು, ದೂರದ ನೆಂಟಳು ಕೂಡ. ಅವಳು ದಿನಾ ಮಧ್ಯಾಹ್ನ ಇದೇ ಅಡುಗೆಮನೆಯ ರೊಟ್ಟಿ ಉಣ್ಣುತ್ತಿದ್ದಳು. ಪಲ್ಯ ಚಪ್ಪೆಯಾದರೆ ಅತ್ತೆಗೇ ಹೇಳುತ್ತಿದ್ದಳು. ಆದರೂ ಪರೀಕ್ಷಿಸದೆ ಬಿಡಬಾರದೆಂದು ಸೋಮವಾರ ಸಜ್ಜಕದ ಹೋಳಿಗೆ ಮಾಡಿದಾಗ ಡಬ್ಬಿಯಲ್ಲಿ ಕಟ್ಟಿ ಕಳಕಪ್ಪನ ಮನೆಗೆ ಕಳಿಸಿದಳು. ಡಬ್ಬಿ ಮರುದಿನ ತೊಳೆದು ಬೆಳಗಿ ಬಂತು. "ಹೋಳಗಿ ಭಾಳ ಮೆತ್ತಗಿದ್ವು ಅಂತ ಹೇಳಂದ," ಎಂದಳು ತಂದ ಯಮನವ್ವ.

ಸಿದ್ದವ್ವ ಮಾವನಿಗೆ ಓಡಿಹೋಗಿ ಹೇಳಿದಳು. "ಮಾವ, ಅವ ನಮ್ಮನಿ ಅಡಗಿ ಉಣ್ತಾನ."

ಅಂದಪ್ಪ ತಲೆ ಅಲ್ಲಾಡಿಸಿದ. "ಡಬ್ಬ್ಯಾಗ ಕಟ್ಟಿ ಕಳಿಸಿದ್ದು ಪಗಾರ ಆತವ್ವ, ಊಟ ಆಗಲಿಲ್ಲ. ನಮ್ಮ ಕಣ್ಣ ಮುಂದ ಉಣಬೇಕು."

ಎರಡನೆಯ ಉತ್ತರ ಕಾಶಪ್ಪನದು. "ನಾಚಿಕಿ. ಮಂದಿ ಕಣ್ಣ ಮುಂದ ಹೊಟ್ಟಿತುಂಬ ಬೇಡಿ ಉಣ್ಣಾಕ ಅವಗ ಆಗೂದಿಲ್ಲ. ಬಫೆ ಇಟ್ರ ತಾನ ಹಾಕ್ಕೊಂತಾನ. ನಾ ಹೇಳಿಲ್ಲೇನು?" ಅವನ ಎಲ್ಲ ದಾರಿಗಳೂ ಬಫೆಗೇ ಹೋಗಿ ಮುಟ್ಟುತ್ತಿದ್ದವು.

ಮೂರನೆಯದು ಫಕ್ರುಸಾಬನದು. ಅವನು ಬಣ್ಣಗಾರ. ನೂಲಿನ ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಮೊಣಕೈವರೆಗೆ ಒಂದು ದಿನ ಕೆಂಪು, ಒಂದು ದಿನ ಹಸಿರು. ಕಳಕಪ್ಪನಿಗೆ ಅವನು ಹಳೆಯ ಜೊತೆಗಾರ, ಇಬ್ಬರೂ ಏಕವಚನದಲ್ಲಿ ಬೈದಾಡುವವರು.

"ಹರಕಿ ಐತ್ರಿ ಅಕ್ಕಾರ," ಎಂದ ಫಕ್ರುಸಾಬ ಸಿದ್ದವ್ವನಿಗೆ, ದನಿ ತಗ್ಗಿಸಿ. "ಶಿವಯೋಗ ಮಂದಿರದಾಗ ಹೊತ್ತಾನ. ಮಂದಿ ಮನ್ಯಾಗ ಅನ್ನ ಮುಟ್ಟೂದಿಲ್ಲ ಅಂತ. ನಾ ಕೇಳಿದ್ರ ನನಗೂ ಹೇಳೂದಿಲ್ಲ, ಅಂದ್ರ ಹರಕಿನ ಇರಬೇಕಲ್ಲ?"

ಈ ಮಾತು ಕೇಳಿ ಅಂದಪ್ಪ ಹುಬ್ಬು ಗಂಟಿಕ್ಕಿದ. "ಶಿವಯೋಗ ಮಂದಿರದಾಗ? ಅಲ್ಲಿ ಅವ ಉಂಡದ್ದನ್ನ ನಾನ ನೋಡೇನಿ. ಒಂದ ವರ್ಷ ನಾವೆಲ್ಲ ಕೂಡಿ ಹೋಗಿದ್ವಿ. ದಾಸೋಹದಾಗ ಪ್ರಸಾದ ಕೈಯಾಗ ಇಸ್ಕೊಂಡ, ಹೊಳಿ ಕಡೆ ಹೋದ. ಮಲಪ್ರಭಾದಾಗ ಕಾಲ ಇಳಿಬಿಟ್ಟು ಮೆಟ್ಟಲ ಮ್ಯಾಲ ಕುಂತು ಉಣ್ಣಾಕ ಹತ್ತಿದ್ದ. ಪ್ರಸಾದ ಅಂತ ಉಂಡಾನು ಬಿಡು ಅಂತ ನಾ ಸುಮ್ನಾದೆ."

ಹೊಳೆಯ ಮೆಟ್ಟಿಲು. ಸಿದ್ದವ್ವನಿಗೆ ಅದು ಯಾಕೋ ಮನಸ್ಸಿನಲ್ಲಿ ಕೂತಿತು. ಎಲ್ಲರೂ ಪಂಕ್ತಿಯಲ್ಲಿ ಕೂತಿರುವಾಗ ಇವನೊಬ್ಬ ಪ್ರಸಾದ ಹಿಡಿದು ಹೊಳೆಗೆ ಯಾಕೆ ಹೋದ?

ಯಮನವ್ವನನ್ನು ಮಾತಿಗೆಳೆಯುವುದು ಕಷ್ಟವಾಗಲಿಲ್ಲ. ರಾಟಿ ತಿರುಗಿಸುತ್ತ, ನೂಲು ಬಿಡದೆ, ಅವಳು ಹೇಳಿದಳು: "ಅದೊಂದು ದೊಡ್ಡ ಕಥಿ ಯವ್ವ. ನಮ್ಮ ಮಂದ್ಯಾಗ ಅವಗ 'ಎರಡ ಪಂಕ್ತಿ ಕಳಕಪ್ಪ' ಅಂತಾರ. ನಿಮ್ಮ ಮುಂದ ಅನ್ನೂದಿಲ್ಲ. ಇಲ್ಲಿಗೆ ಬರೂಕಿಂತ ಮೊದಲಿಂದು. ಹುನಗುಂದದಾಗ ನಮ್ಮ ಬೀಗರ ಮದುವಿ. ಮೊದಲನೇ ಪಂಕ್ತಿಗೆ ಕುಂತ. ಎಲ್ಲಾರೂ ಉಂಡು ಎದ್ರು, ಇವ ಏಳವಲ್ಲ. ಎಲಿ ಎತ್ತಾವ ಬಂದು ನಿಂತಾನ, ಇವ ಏಳವಲ್ಲ. ಆಗ ನೀಡಾಕ ಬಂದ ಒಬ್ಬಾಕಿ, 'ಇನ್ನೂ ಹಸವು ಹೋಗಿಲ್ಲೇನಪಾ?' ಅಂದ್ಲು. ಹೂಂ ಅಂದ! ಮತ್ತೊಂದು ಎಲಿ ಹಾಸಿಸ್ಕೊಂಡ, ಎರಡನೇ ಪಂಕ್ತಿದಾಗೂ ಉಂಡ. ಮಂದಿ ನಕ್ಕೂ ನಕ್ಕೂ ಸಾಕಾದ್ರು. ಹೋಳಗಿ ಎಣಿಸಿದವ್ರು ಅದಾರ."

"ಆಮ್ಯಾಲ?"

"ಆಮ್ಯಾಲ ಏನು? ಅವತ್ತಿಂದ ಎಲ್ಲೂ ಉಣ್ಣೂದಿಲ್ಲ. ನಾಚಿಕಿ ಬಂತು ಅಂತ ಕಾಣಸ್ತೈತಿ."

"ಎರಡನೇ ಪಂಕ್ತಿ ಮುಗದ ಮ್ಯಾಲ ಎದ್ದನಲ್ಲ, ಹೆಂಗ ಎದ್ದ? ಯಾರು ನೋಡಿದ್ರು?"

ಯಮನವ್ವ ರಾಟಿ ನಿಲ್ಲಿಸಿ ಸಿದ್ದವ್ವನ ಮುಖ ನೋಡಿದಳು. ಓದಿದವರು ಹೀಗೂ ಕೇಳುತ್ತಾರೆಯೇ ಎಂಬ ನೋಟ. "ಉಣ್ಣೂದನ್ನ ನೋಡ್ತಾರವ್ವ ಮಂದಿ. ಏಳೂದನ್ನ ಯಾರು ನೋಡ್ತಾರ?"

ಸಿದ್ದವ್ವ ನೋಡಬೇಕೆಂದುಕೊಂಡಳು.

ಕಳಕಪ್ಪ ತನ್ನ ಕೊನೆಯ ಸೀರೆ ಮುಗಿಸುವ ದಿನ ಅವಳು ತಾನೇ ಚಹ ತೆಗೆದುಕೊಂಡು ಮಗ್ಗದ ಮನೆಗೆ ಹೋದಳು. ಉಳಿದ ಐದು ಮಗ್ಗ ಆಗಲೇ ಬಿಚ್ಚಿದ್ದರು. ಬಿಚ್ಚಿದವರೆಲ್ಲ ಊಟಕ್ಕೆ ಹೋಗಿದ್ದರು. ಕಳಕಪ್ಪ ಒಬ್ಬನೇ ಕುಣಿಯಲ್ಲಿ ಕಾಲು ಬಿಟ್ಟು ಕೆಂಪು ಸೆರಗಿನ ಕೊನೆಯ ಎಳೆಗಳನ್ನು ಹೊಡೆಯುತ್ತಿದ್ದ. ಅವಳನ್ನು ನೋಡಿ ನಕ್ಕ. ನಕ್ಕರೆ ಅವನ ಮುಖದಲ್ಲಿ ಮೀಸೆ ಮಾತ್ರ ಅಲುಗುತ್ತಿತ್ತು.

"ಏನ ತಂಗಿ, ಚಾ ನೀನ ತಂದಿ? ಏನೋ ಕೇಳಾಕ ಬಂದಂಗ ಕಾಣಸ್ತೈತಿ."

"ಊಟದ ವಿಚಾರ ನಡದೈತಿ, ಅಜ್ಜಾ. ಕುರ್ಚಿ ಟೇಬಲ್ ಹಾಕೂಣೇನು ಅಂತ," ಎಂದಳು ಸಿದ್ದವ್ವ, ಎಲ್ಲೋ ನೋಡುತ್ತ.

ಕಳಕಪ್ಪ ಕಪ್ಪಿನಿಂದ ಬಸಿಗೆ ಚಹ ಸುರಿದುಕೊಂಡ. "ಕುರ್ಚಿ ಮ್ಯಾಲ ಕುಂತು ಉಣ್ಣಾವ್ರು ಇಬ್ರ ನೋಡು. ಒಬ್ಬ ಸಾಹೇಬ, ಇನ್ನೊಬ್ಬ ಬ್ಯಾನಿ ಬಿದ್ದಾಂವ. ನಾವು ಎರಡೂ ಅಲ್ಲ. ಸತ್ತ ಮ್ಯಾಲ ಹೆಂಗೂ ಕುಂಡ್ರಿಸೇ ಒಯ್ತಾರ, ಅವಸರ ಏನೈತಿ?"

ಚಹ ಮುಗಿಯಿತು. ಬಸಿ ಕೊಟ್ಟ. ಸೀರೆಯೂ ಮುಗಿಯಿತು, ಕತ್ತರಿಸಿ ಮಡಿಚಿಟ್ಟ. ಆದರೆ ಏಳಲಿಲ್ಲ. ಅವಳು ನಿಂತಷ್ಟೂ ಹೊತ್ತು ಏನಾದರೊಂದು ಎಳೆ ಹುಡುಕುತ್ತ, ಮಗ್ಗದ ಹಣಿಗೆ ಒರೆಸುತ್ತ ಕುಳಿತೇ ಇದ್ದ. ಸಿದ್ದವ್ವ ಹೊರಗೆ ಬಂದಳು. ಹಿತ್ತಿಲ ಬೇವಿನ ಗಿಡದ ಮರೆಯಿಂದ ಬಾಗಿಲೊಳಗೆ ಕಾಣುತ್ತಿತ್ತು. ಕದ್ದು ನೋಡುವುದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನಿಂತಳು.

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಎರಡೂ ಅಂಗೈ ಹಿಂದಕ್ಕೂರಿ ಮೈಯನ್ನು ಕುಣಿಯಿಂದ ಹಿಂದಕ್ಕೆ ಎಳೆದುಕೊಂಡ. ಕಾಲುಗಳು ಮೇಲೆ ಬಂದವು, ಎರಡು ಕೊರಡಿನ ಹಾಗೆ ಚಾಚಿದವು, ಹಾಗೇ ಇದ್ದವು. ಕುಣಿಯಲ್ಲಿ ಇಳಿಬಿಟ್ಟಾಗ ಬಾಗುತ್ತಿದ್ದ ಮೊಣಕಾಲು ನೆಲದ ಮೇಲೆ ಮಡಚಲಿಲ್ಲ. ತಲೆಯ ಮೇಲೆ ತೊಲೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು. ನೂಲಿನ ಲಡಿ ನೇತುಹಾಕಲೆಂದು ಎಲ್ಲರೂ ತಿಳಿದಿದ್ದ ಹಗ್ಗ. ಕಳಕಪ್ಪ ಅದನ್ನು ಹಿಡಿದು, ಬಾವಿಯಿಂದ ತನ್ನನ್ನು ತಾನೇ ಸೇದಿಕೊಂಡಂತೆ, ಕೈಯ ಮೇಲೆ ಕೈ ಹಾಕಿ ಮೇಲೆದ್ದ. ಎದ್ದು ನಿಂತು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

ಸಿದ್ದವ್ವ ಸರಕ್ಕನೆ ತಿರುಗಿದಳು. ತನ್ನದಲ್ಲದ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದಂತೆ ಆಗಿತ್ತು.

ಅವನು ಹುನಗುಂದದಲ್ಲಿ ಎರಡು ಪಂಕ್ತಿ ಉಂಡದ್ದು ಹೊಟ್ಟೆಗಲ್ಲ. ನೆಲದ ಮೇಲೆ ಹೇಗೋ ಕುಳಿತಿದ್ದ, ಮಂದಿಯ ಕಣ್ಣೆದುರು ಏಳಲಾಗಲಿಲ್ಲ. ಏಳಲಾಗದು ಎನ್ನುವುದಕ್ಕಿಂತ ಇನ್ನೂ ಹಸಿವಿದೆ ಎನ್ನುವುದು ಅವನಿಗೆ ಹಗುರಾಗಿ ಕಂಡಿತ್ತು. ಮಗ್ಗದವನಿಗೆ ಕಾಲಿಲ್ಲವೆಂದು ಸುದ್ದಿಯಾದರೆ ಕೆಲಸ ಕೊಡುವವರು ಯಾರು? ಇಲ್ಲಿ ಇಪ್ಪತ್ತು ವರ್ಷ ಅವನು ಎಲ್ಲರಿಗಿಂತ ಮೊದಲು ಬಂದು ಎಲ್ಲರಾದ ಮೇಲೆ ಹೋಗುತ್ತಿದ್ದ. ದುಡಿಮೆಗಾರ ಎಂದು ಅಂದಪ್ಪ ಹೊಗಳುತ್ತಿದ್ದ. ಬಂದವರೆಲ್ಲ ಅವನ ಕೈ ನೋಡಿದರು, ಸೀರೆ ನೋಡಿದರು. ಕುಣಿಯೊಳಗಿನ ಮೊಣಕಾಲನ್ನು ನೋಡಿದವರಿಲ್ಲ.

ಈಗ ಅವಳಿಗೆ ಯಾಕೆ ಎಂಬುದು ಗೊತ್ತಾಗಿತ್ತು. ಹೇಗೆ ಎಂಬುದು ಮಾತ್ರ ಮೊದಲಿಗಿಂತ ಜಟಿಲವಾಯಿತು. ಪಂಕ್ತಿ ಹಾಕಿದರೆ ಅವನು ಕೂಡುವುದಿಲ್ಲ. ಬಫೆ ಮಾಡಿದರೆ, ಆಸರೆಯಿಲ್ಲದೆ ನಿಲ್ಲಲಾರದವನು ಒಂದು ಕೈಯಲ್ಲಿ ತಾಟು ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣುವುದು ಹೇಗೆ? ಕುರ್ಚಿಯ ಮಾತಿಗೆ ಅವನೇ ಬಾಗಿಲು ಹಾಕಿದ್ದ. ಅವನೊಬ್ಬನಿಗೆ ಬೇರೆ ಮಾಡಿದರೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಪಂಕ್ತಿಯ ನಡುವೆ ತೆರೆದಿಟ್ಟ ಹಾಗೆ. ಮಾವನಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಮಾವ ಮರುಕದಿಂದ ಎತ್ತಿ ಕೂಡಿಸಿ ಉಣ್ಣಿಸುವ ಮನುಷ್ಯ. ಅದಂತೂ ಬೇಡ.

ಮರುದಿನ ಕಳಕಪ್ಪನ ಮಗ್ಗವನ್ನೂ ಬಿಚ್ಚಿದರು. ಮಧ್ಯಾಹ್ನ ಸಿದ್ದವ್ವ ಬರಿದಾದ ಮಗ್ಗದ ಮನೆಗೆ ಹೋದಳು. ಆರು ಕುಣಿಗಳು ಬಾಯಿ ತೆರೆದುಕೊಂಡಿದ್ದವು. ಯಾರೂ ಇಲ್ಲದ್ದನ್ನು ನೋಡಿ, ಹೇಗಿರುತ್ತದೋ ಎಂದು, ಸೆರಗು ಸಿಕ್ಕಿಸಿ ಒಂದರ ಅಂಚಿನ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ಒಳಗೆ ತಂಪಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಪಾದಕ್ಕೆ ಹಸಿ ಮಣ್ಣಿನ ತಂಪು. ಹೊಳೆಯ ಮೆಟ್ಟಿಲ ಮೇಲೆ ಕುಳಿತ ಹಾಗೆ ಬೆನ್ನು ತಾನಾಗಿ ನೆಟ್ಟಗಾಯಿತು. ಎದುರಿನ ಅಂಚಿನಲ್ಲಿ ಇನ್ನೊಬ್ಬರು ಕೂಡುವಷ್ಟು ಜಾಗವಿತ್ತು. ಅಡ್ಡಕ್ಕೊಂದು ಹಲಗೆ ಇಟ್ಟರೆ ತೊಡೆಯ ಮೇಲೆ ಸರಿಯಾಗಿ ಬರುತ್ತದೆ.

ಅವಳು ಅಲ್ಲೇ ಕುಳಿತು ಒಬ್ಬಳೇ ನಕ್ಕಳು.

ಸಂಜೆ ವಿಷಯ ಹೇಳಿದಾಗ ಗುರುಲಿಂಗವ್ವ ಎದೆಗೆ ಕೈ ಇಟ್ಟುಕೊಂಡಳು. "ಕುಣ್ಯಾಗ? ಕುಣ್ಯಾಗ ಕಾಲಿಟ್ಟು ಉಣ್ಣೂದಾ? ಯವ್ವ ಯವ್ವ! ಸತ್ತವರನ್ನ ಕುಣ್ಯಾಗ ಇಳಿಸೂದು ಕೇಳೇನಿ. ಉಣ್ಣಾಕ ಬಂದವರನ್ನ ಕುಣ್ಯಾಗ ಇಳಸ್ತಾರೇನು?"

"ಅದ ಕುಣ್ಯಾಗ ಕುಂತು ನೇದ ಸೀರಿನ ಅತ್ತಿ, ನೀವು ಉಟ್ಟದ್ದು."

"ಮಾತಿಗೆ ಮಾತು ಕೊಡಾಕ ಬಿ.ಎ. ಕಲಿಸ್ಯಾರೇನು ನಿನಗ?"

"ಬಫೆ ಇಟ್ಟಿದ್ರ..." ಎಂದು ಕಾಶಪ್ಪ ಬಾಯಿ ತೆರೆದ.

"ಪಡಸಾಲ್ಯಾಗ ಜಾಗ ಎಲ್ಲೈತಿ?" ಎಂದಳು ಸಿದ್ದವ್ವ ಅವನ ಕಡೆ ತಿರುಗಿ. "ನಿಮ್ಮ ಪೆಟಿಗಿ ತುಂಬ್ಯಾವ. ಟೇಬಲ್ ಎಲ್ಲಿ ಹಾಕ್ತೀರಿ, ಎಲಿ ಎಲ್ಲಿ ಹಾಸ್ತೀರಿ? ಹಿತ್ತಿಲ್ದಾಗ ಬಿಸಲ. ಮಗ್ಗದ ಮನಿ ಒಂದ ಖಾಲಿ ಇರೂದು. ಅಲ್ಲಿ ನೆಲ ಎಲ್ಲೈತಿ, ಬರೇ ಕುಣಿ."

ಅಂದಪ್ಪ ಸೊಸೆಯನ್ನು ದಿಟ್ಟಿಸಿದ. "ಅದಕ್ಕ ಅಷ್ಟನೋ, ಮತ್ತೇನರ ಐತೋ?"

"ಅದಕ್ಕ, ಮಾವ."

ಅಂದಪ್ಪ ಅಡಕತ್ತರಿ ಕೈಗೆತ್ತಿಕೊಂಡ. "ನೀ ಹೇಳಿದಂಗ ಅಂದೇನಿ. ಹಂಗ ಆಗಲಿ."

ಊಟದ ದಿನ ಕುಣಿಗಳನ್ನೆಲ್ಲ ಸಗಣಿಯಿಂದ ಸಾರಿಸಿ, ಅಂಚಿಗೆ ಸುಣ್ಣದ ಗೆರೆ ಎಳೆದು, ಬಿಚ್ಚಿದ ಮಗ್ಗಗಳ ಹಲಗೆಗಳನ್ನೇ ತೊಳೆದು ಅಡ್ಡ ಹಾಕಿದ್ದರು. ಹಲಗೆಯ ಮೇಲೆ ಮುತ್ತಲ ಎಲೆಯ ಪತ್ರಾವಳಿ. ಬಂದ ನೇಕಾರರು ಬಾಗಿಲಲ್ಲಿ ಒಂದು ಕ್ಷಣ ಬೆಪ್ಪಾಗಿ ನಿಂತರು. ಆಮೇಲೆ ಹುಚ್ಚಪ್ಪನೆಂಬ ಗಟ್ಟಿ ದನಿಯ ನೇಕಾರ, "ಏ, ನಾವು ಹುಟ್ಟಿದಾಗಿಂದ ಕುಣ್ಯಾಗ ಕಾಲಿಟ್ಟವರು, ಇನ್ನೇನು ಹೆದರಿಕಿ!" ಎಂದು ಧಪ್ಪನೆ ಇಳಿದು ಕುಳಿತ. ಮಗ್ಗದ ಮನೆ ತುಂಬ ನಗೆ ಹರಿಯಿತು. ಒಬ್ಬೊಬ್ಬರೇ ತಮ್ಮ ತಮ್ಮ ಕುಣಿ ಹುಡುಕಿ ಕುಳಿತರು. ಕುಳಿತವರ ಕಾಲುಗಳು, ಅಲ್ಲಿ ಇಲ್ಲದ ತುಳಿಮಣೆಗಳನ್ನು ತಾವಾಗಿ ತಡಕಾಡಿದವು.

"ಹಲಿಗಿ ಬಡೀಬ್ಯಾಡ್ರೋ, ಎಲಿ ಜಾರಿ ಬೀಳ್ತಾವ!" ಎಂದಳು ಯಮನವ್ವ. "ಹುಟ್ಟಿದಾಗಿಂದ ಕಂಡಿಕಿ ಸುತ್ತೇನಿ, ಒಂದ ಸಲಾನೂ ಕುಣ್ಯಾಗ ಇಳಿದಿಲ್ಲ. ಹೆಂಗಸರ ಪಂಕ್ತಿಗೆ ಇದ ಕುಣಿ ನನಗ ಬೇಕು, ಈಗ ಹೇಳಿಟ್ಟೇನಿ."

ಸಿದ್ದವ್ವ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲ ಕಡೆಯೇ ನೋಡುತ್ತಿದ್ದಳು. ಕಳಕಪ್ಪ ಬಂದ. ಇಸ್ತ್ರಿ ಮಾಡಿದ ಧೋತರ, ಹಳದಿ ರುಮಾಲು. ಬಂದವನು ಎಂದಿನಂತೆ ಚೌಕಟ್ಟಿಗೆ ಒರಗಿ, ಒಳಗೆ ಕಣ್ಣೂ ಹಾಯಿಸದೆ, ಅಂದಪ್ಪನಿಗೆ ಕೈ ಮುಗಿದ.

"ಇವತ್ತ ನಂದು ಉಪವಾಸ ಐತ್ರಿ, ಸಾವ್ಕಾರ್ರ."

ಅಂದಪ್ಪನ ಮುಖ ಬಾಡಿಹೋಯಿತು. ಅವನು ಸೊಸೆಯ ಕಡೆ ನೋಡಿದ. ಸಿದ್ದವ್ವನ ಕೈಯಲ್ಲಿ ಬುಟ್ಟಿ ಭಾರವಾಯಿತು. ಅಜ್ಜಾ, ಒಳಗೆ ನೋಡು, ಒಮ್ಮೆ ನೋಡು ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಎಲ್ಲ ಕೆಟ್ಟಂತೆ. ಕಳಕಪ್ಪ ತಿರುಗಲು ಚೌಕಟ್ಟಿನಿಂದ ಬೆನ್ನು ಎತ್ತಿದ.

ಅಷ್ಟರಲ್ಲಿ ಒಳಗಿನಿಂದ ಫಕ್ರುಸಾಬನ ದನಿ ಬಂತು. "ಇದೇನಪಾ, ಈ ಕುಣಿ ಇಷ್ಟ ಸಣ್ಣದು? ಕಾಲ ಚಾಚಾಕ ಆಗವಲ್ದು!"

ಮಗ್ಗದ ಕೆಲಸವನ್ನೇ ಮಾಡಿರದ ಬಣ್ಣಗಾರ ಯಾವುದು ಯಾರದೆಂದು ತಿಳಿಯದೆ ಮೂಲೆಯ ಕುಣಿಯಲ್ಲಿ ಹೋಗಿ ಕುಳಿತುಬಿಟ್ಟಿದ್ದ. ಕಳಕಪ್ಪನ ಕತ್ತು ತಟ್ಟನೆ ತಿರುಗಿತು. ಆಗ ಅವನು ನೋಡಿದ: ಸಾರಿಸಿದ ನೆಲ, ಹಲಗೆ, ಎಲೆ, ಕಾಲು ಇಳಿಬಿಟ್ಟು ಕುಳಿತ ಎಲ್ಲರೂ. ನೋಡುತ್ತಲೇ ನಿಂತ. ಮೀಸೆ ಅಲುಗಿತು.

"ಏ ಫಕ್ರ್ಯಾ! ಯಾವನಲೇ ನೀ, ನನ್ನ ಕುಣ್ಯಾಗ ಕುಂತಾಂವ?"

"ನಿನ್ನ ಹೆಸರ ಬರದೈತೇನು?"

"ಏಳಲೇ ಬಣ್ಣದ ಬೆಕ್ಕ! ಇಪ್ಪತ್ತು ವರ್ಷ ಕುಂತೇನಿ ಅಲ್ಲಿ. ನಾ ಊರ ಬಿಡೂತನಕ ಅದು ನಂದು. ಏಳು!"

"ನೀ ಉಪವಾಸ ಅಲ್ಲೇನು? ನಿನಗ್ಯಾಕ ಕುಣಿ?"

ಎಲ್ಲರೂ ಹೋ ಎಂದರು. ಕಳಕಪ್ಪ ಗೋಡೆ ಹಿಡಿದುಕೊಂಡು ನಡೆದುಹೋಗಿ ಫಕ್ರುಸಾಬನ ರಟ್ಟೆಗೆ ಕೈ ಹಾಕಿದ. ಅವನು ಬೈದುಕೊಳ್ಳುತ್ತ ಪಕ್ಕದ ಕುಣಿಗೆ ದಾಟಿದ. ಕಳಕಪ್ಪ ಹಗ್ಗ ಹಿಡಿದು, ಯಾರೂ ಗಮನಿಸದಷ್ಟು ಸಲೀಸಾಗಿ, ತನ್ನ ಜಾಗದಲ್ಲಿ ಇಳಿದು ಕುಳಿತ. ಯಾವಾಗಲೂ ಇಳಿಯುತ್ತಿದ್ದ ಹಾಗೆ. ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡ.

ಆಗ ಅಂದಪ್ಪ ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ಮನೆಯ ಯಜಮಾನ, ಎಲ್ಲರಿಗೂ ಉಣ್ಣಿಸಿ ಕೊನೆಗೆ ಉಣಬೇಕಾದವನು, ಮಗ್ಗದ ಮನೆಯನ್ನು ಕಟ್ಟಿಸಿದ್ದರೂ ಕುಣಿಯಲ್ಲಿ ಎಂದೂ ಕಾಲಿಡದವನು, ಧೋತರ ಎತ್ತಿಕೊಂಡು ಕಳಕಪ್ಪನ ಎದುರಿನ ಅಂಚಿನಲ್ಲಿ ತಡವರಿಸುತ್ತ ಕುಳಿತ.

"ಇದೇನ್ರಿ ಇದು, ಮೊದಲನೇ ಪಂಕ್ತಿಗೆ?" ಎಂದಳು ಗುರುಲಿಂಗವ್ವ ಬಾಗಿಲಿನಿಂದ.

"ನೀ ನೀಡ," ಎಂದ ಅಂದಪ್ಪ.

ಕಿರಿದಾದ ಕುಣಿಯಲ್ಲಿ ನಾಲ್ಕು ಕಾಲು. ಅಂದಪ್ಪ ತನ್ನ ಕಾಲಿಗೆ ಜಾಗ ಹುಡುಕುವಾಗ ಅವನ ಮೊಣಕಾಲು ಎದುರಿನ ಮೊಣಕಾಲಿಗೆ ತಾಗಿರಬೇಕು, ಅದು ಕೊರಡಿನಂತೆ ಬಿಗಿದದ್ದು ಗೊತ್ತಾಗಿರಬೇಕು. ಅವನು ಒಮ್ಮೆ ಅಲುಗಾಟ ನಿಲ್ಲಿಸಿದ. ಹಲಗೆಯನ್ನು ನೋಡಿದ, ತೊಲೆಯಿಂದ ಇಳಿಬಿದ್ದ ಹಗ್ಗ ನೋಡಿದ, ಕಳಕಪ್ಪನ ಮುಖವನ್ನು ನೋಡಿದ. ಕಳಕಪ್ಪ ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದ. ಅಂದಪ್ಪ ತನ್ನ ಕಾಲನ್ನು ಮೆಲ್ಲಗೆ ಬದಿಗೆ ಸರಿಸಿಕೊಂಡು ಅವನಿಗೆ ಜಾಗ ಮಾಡಿಕೊಟ್ಟ.

ಸಿದ್ದವ್ವ ಬಗ್ಗಿ ರೊಟ್ಟಿ ನೀಡಿದಳು. ಗುರುಲಿಂಗವ್ವ ಹಿಂದೆಯೇ ಬಂದು ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳು, ಹೋಳಿಗೆ, ಬಟ್ಟಲಲ್ಲಿ ಕಟ್ಟಿನ ಸಾರು ನೀಡಿದಳು. ಕಳಕಪ್ಪ ರೊಟ್ಟಿ ಮುರಿದ. ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅಂದಪ್ಪ ತನ್ನ ಎಲೆ ಮುಟ್ಟದೆ ಎದುರಿನ ಬಾಯಿಯನ್ನೇ ನೋಡುತ್ತಿದ್ದ. ಆ ದವಡೆ ಎರಡು ಸಲ ಅಗಿಯಿತು, ಆಮೇಲೆ ನಿಂತಿತು.

ಪಕ್ಕದ ಕುಣಿಯಿಂದ ಫಕ್ರುಸಾಬ ಕತ್ತು ಚಾಚಿ ನೋಡಿದ.

"ಏನಾತೋ ಕಳಕಪ್ಪ?" ಅಂದಪ್ಪನ ದನಿ ಅಂಜಿತ್ತು.

ಕಳಕಪ್ಪ ನುಂಗಿದ. ಗುರುಲಿಂಗವ್ವನ ಕಡೆ ನೋಡಿದ, ಆಮೇಲೆ ಸಿದ್ದವ್ವನ ಕಡೆ.

"ಸಾರಿಗೆ ಉಪ್ಪ ಹಾಕಿಲ್ಲ, ತಂಗಿ."

"ಯಾರು ಹಾಕಿಲ್ಲ? ನಾ ಕೈಯಾರೆ..." ಎನ್ನುತ್ತ ಗುರುಲಿಂಗವ್ವ ಅಲ್ಲೇ ತಡೆದಳು. ಹಾಕಿರಲಿಲ್ಲ. ಕುಣಿಯ ಚಿಂತೆಯಲ್ಲಿ ಮರೆತಿದ್ದಳು.

ಅಂದಪ್ಪ ಬಟ್ಟಲೆತ್ತಿ ಒಂದು ಗುಟುಕು ಹೀರಿದ. "ಖರೆ ಐತಿ!" ಎಂದು ಕೂಗಿದ, ಮನೆಯಲ್ಲಿ ಗಂಡು ಹುಟ್ಟಿದ ಸುದ್ದಿ ಹೇಳುವವನ ಹಾಗೆ. "ಉಪ್ಪ ಇಲ್ಲ! ಕಳಕಪ್ಪ ಹೇಳಿದ್ದು ಖರೆ, ಒಂದು ಕಾಳ ಉಪ್ಪಿಲ್ಲ! ಏ ಸಿದ್ದವ್ವ, ಉಪ್ಪ ತಾ ಓಡು!"

ಸಿದ್ದವ್ವ ಬುಟ್ಟಿಯನ್ನು ಯಮನವ್ವನ ಕೈಗೆ ತುರುಕಿ ಬಿಸಿಲಲ್ಲಿ ಹಿತ್ತಿಲು ದಾಟಿ ಓಡಿದಳು. ಅಡುಗೆಮನೆಯ ಹೊಸ್ತಿಲು ತುಳಿಯುವಾಗ ಹಿಂದಿನಿಂದ ಕಳಕಪ್ಪನ ಕೂಗು ಕೇಳಿಸಿತು.

"ಹಂಗ ಬರೂಮುಂದ ಒಂದು ಉಳ್ಳಾಗಡ್ಡಿನೂ ತಗೊಂಡ ಬಾ, ತಂಗಿ! ದೊಡ್ಡದು ನೋಡಿ ತಾ!"